ಕಮಲನಗರ ಸ್ಟೇಷನ್ನಿನ ಫೋನಿನಲ್ಲಿ ಡಾಕ್ಟರು

ಪೊಲೀಸ್ ಆಕ್ಷನ್ ಆದ ಮರುವರ್ಷ ಮಳೆಗಾಲದಲ್ಲಿ ನಮ್ಮ ಕಡೆ ಕಾಲರಾ ಬಂತು. ಆಗ ನನ್ನ ಗಂಡ ಕಮಲನಗರದಲ್ಲಿ ಸ್ಟೇಷನ್ ಮಾಸ್ತರ್. ಡಾಕ್ಟರಿದ್ದದ್ದು ಭಾಲ್ಕಿಯಲ್ಲಿ, ಅದೂ ಒಬ್ಬರೇ. ದವಾಖಾನೆ ಬಿಟ್ಟು ಬರುವ ಹಾಗಿರಲಿಲ್ಲ. ದಿನಾ ಮುಂಜಾನೆ ಭಾಲ್ಕಿ ಸ್ಟೇಷನ್ನಿಗೆ ಬಂದು, ರೈಲಿನ ಸುದ್ದಿ ಹೇಳುವ ಫೋನಿನಲ್ಲೇ ನಮ್ಮ ರೋಗಿಗಳನ್ನು ವಿಚಾರಿಸುತ್ತಿದ್ದರು. ಯಾರನ್ನು ರೈಲಿಗೆ ಹಾಕಬೇಕು, ಯಾರು ಇಲ್ಲೇ ಇರಬಹುದು ಎಂದು ಹೇಳುತ್ತಿದ್ದರು.

ಹೊಟ್ಟೆಯ ವಿಷಯ ಹೆಂಗಸರು ನನ್ನ ಗಂಡನ ಮುಂದೆ ಬಾಯಿ ಬಿಡಲಿಲ್ಲ. ಹೀಗಾಗಿ ಫೋನು ನನ್ನ ಕೈಗೆ ಬಂತು. ಡಾಕ್ಟರು ಮಾತಾಡುತ್ತಿದ್ದುದು ದಖನಿ. ನಾನೂ ಉರ್ದು ಸಾಲಿಯಲ್ಲೇ ಕಲಿತವಳು.

ಒಂದು ದಿನ ಔರಾದ ರಸ್ತೆಯಿಂದ ಬಂಡಿಯೊಂದು ಬಂತು. ಅದರಲ್ಲಿ ಅತ್ತೆ, ಸೊಸೆ. ಅತ್ತೆ ಕಾಲು ಸೆಳೆತಕ್ಕೆ ಚೀರುತ್ತಿದ್ದಳು. ಸೊಸೆ ಗೋಣಿಚೀಲದ ಮೇಲೆ ಸುಮ್ಮನೆ ಮಲಗಿದ್ದಳು.

"ಅವ್ವನ್ನ ಮೊದಲ ಕಳಸ್ರಿ, ಅಕ್ಕಾರ. ಆಕೀಗಿ ಅಷ್ಟೇನ್ ಆಗಿಲ್ಲ," ಅಂದ ಬಂಡಿ ಹೊಡೆದುಕೊಂಡು ಬಂದಿದ್ದ ಮಗ.

ಫೋನಿನಲ್ಲಿ ಹಾಗೇ ಹೇಳಿ, ಸೊಸೆ ಸುಮ್ಮನೆ ಮಲಗಿದ್ದಾಳೆ ಎಂದೂ ಸೇರಿಸಿದೆ. ಡಾಕ್ಟರು ಅತ್ತೆಯ ವಿಷಯ ಬಿಟ್ಟು, "ಸುಮ್ಮನಿರೋ ಹುಡುಗಿ ಕೈಮೇಲಿನ ಚರ್ಮ ಚಿವುಟಿ ನೋಡಮ್ಮಾ," ಅಂದರು.

ಹೋಗಿ ಚಿವುಟಿದೆ. ಚರ್ಮ ಎದ್ದದ್ದು ಎದ್ದ ಹಾಗೇ ನಿಂತಿತು. ಕಣ್ಣು ಒಳಗೆ ಹೋಗಿದ್ದವು, ನಾಡಿ ನನ್ನ ಬೆರಳಿಗೆ ಸಿಗಲೇ ಇಲ್ಲ. ಅತ್ತೆಯ ಚರ್ಮ ತಕ್ಷಣ ಇಳಿಯಿತು. ಕುಡಿದ ನೀರೂ ಅವಳ ಹೊಟ್ಟೆಯಲ್ಲಿ ನಿಂತಿತ್ತು.

"ಹುಡುಗೀನ ಈಗಿನ ಗಾಡಿಗೇ ಹಾಕು. ಅತ್ತೆಗೆ ಕುದಿಸಿ ಆರಿಸಿದ ನೀರು, ಉಪ್ಪಿನ ಗಂಜಿ ಸಾಕು," ಅಂದರು ಡಾಕ್ಟರು, ನಾನು ಮರಳಿ ಫೋನಿಗೆ ಬಂದು ಹೇಳಿದಾಗ.

ರೈಲಿನ ಕೊನೆಗಿದ್ದ ಗಾರ್ಡಿನ ಡಬ್ಬಿಯಲ್ಲಿ ಒಬ್ಬರನ್ನು ಮಲಗಿಸುವಷ್ಟೇ ಜಾಗ. ಸೊಸೆಯನ್ನು ಕಳಿಸಬೇಕಂತೆ ಎಂದಾಗ ಮಗ ಸಿಟ್ಟಿಗೆದ್ದ. "ನಮ್ಮವ್ವಗ ಏನರ ಆದ್ರ ಯಾರ್ ಹೊಣಿರಿ?"

ಅತ್ತೆಯೇ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. "ಆಕೀನ ಕಳಸೋ. ನಿನ್ನಿಯಿಂದ ನೀರು ಸುದ್ದಾ ಕೇಳಿಲ್ಲ ಆಕಿ."

ರೈಲು ಹೋಯಿತು, ಮಗನೂ ಜೊತೆಗೆ ಹೋದ. ದಿನವಿಡೀ ಅತ್ತೆಗೆ ಚಮಚದಿಂದ ಗಂಜಿ ಕುಡಿಸಿದೆ. ಅವಳು ಕಣ್ಣು ಮುಚ್ಚಿದಾಗೆಲ್ಲ ಉಸಿರಾಡುತ್ತಿದ್ದಾಳೆಯೇ ಎಂದು ಅವಳ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಸಂಜೆ ಫೋನು ಬಂತು. ಸಲಾಯಿನ್ ಏರಿಸಿದ ಮೇಲೆ ಹುಡುಗಿ ಕಣ್ಣು ಬಿಟ್ಟಿದ್ದಳಂತೆ.

"ಏನರ ತಿಂದಾಳೇನ್ರಿ?" ಅತ್ತೆ ಕೇಳಿದ್ದು ಅಷ್ಟೇ.

ಆ ಮಳೆಗಾಲದಲ್ಲಿ ಕಳಿಸಿದವರೆಲ್ಲ ವಾಪಸು ಬರಲಿಲ್ಲ. ಮೆಹಕರದ ಒಬ್ಬ ತಾಯಿ ದಾರಿಯಲ್ಲೇ ತೀರಿಹೋದಳು. ಈ ಹುಡುಗಿಯಂತೂ ಬಂದಳು. ಪ್ಲಾಟ್‌ಫಾರ್ಮಿಗೆ ಇಳಿದವಳೇ ಬಂಡಿಯತ್ತ ಸರಸರ ನಡೆದಾಗ, ಕರೆದೊಯ್ಯಲು ಬಂದಿದ್ದ ಅತ್ತೆ ಹಿಂದಿನಿಂದ ಬೈದಳು: "ಸಾವಕಾಶ ನಡೀ, ಯಾರ್ ಬೆನ್ನ ಹತ್ತ್ಯಾರ!"