ಮೋಟಾರಿನ ಬಲ್ಬು ಬದಲಿಸಿದ ಸಂಜೆ
ಎರಡನೇ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ಚನ್ನಗಿರಿಯಲ್ಲಿ ವೈದ್ಯರಾಗಿದ್ದ ನನ್ನ ಯಜಮಾನರು ಒಂದು ದಿನ ಸಂಜೆಯೇ ಬಸವಾಪಟ್ಟಣಕ್ಕೆ ಹೆರಿಗೆ ನೋಡಲು ಹೊರಡಬೇಕಿತ್ತು. ಮೋಟಾರಿನ ದೀಪಗಳು ತೀರಾ ಮಂಕಾಗಿದ್ದವು. ಹೊಸ ಬಲ್ಬುಗಳು ಮನೆಯಲ್ಲೇ ಇದ್ದವು. ದೀಪದೊಳಗೆ ಬೆಳಕನ್ನು ಮುಂದಕ್ಕೆ ಚಿಮ್ಮಿಸುವ, ಬೆಳ್ಳಿ ಲೇಪದ ಬಟ್ಟಲನ್ನು ಬೆಳಗಲು ಡ್ರೈವರ್ ಹುಣಸೆಹಣ್ಣು, ಬೂದಿ ತಂದ. ನಾನು ಅವನ್ನು ಅವನ ಕೈಯಿಂದ ಕಿತ್ತುಕೊಂಡೆ.

“ಅದು ಪೂಜೆ ತಂಬಿಗೆ ಏನಪ್ಪಾ? ಉಜ್ಜಿದರೆ ಬೆಳ್ಳಿಯೆಲ್ಲ ಹೋಗತೈತೆ.”

“ಹೆಂಗಸರು ಮೋಟಾರು ಬಿಚ್ಚಾಕೆ ಹೊರಟರಲ್ಲಪ್ಪ!” ಎಂದರು ಜಗಲಿಯಲ್ಲಿದ್ದ ಮಾವ.

ದೀಪದ ಗಾಜಿನ ತಿರುಪುಗಳನ್ನು ಬಿಚ್ಚಿ, ಲಾಟೀನಿನ ಗಾಜು ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಹಿಡಿದು ಎರಡೂ ಬಲ್ಬು ಕೂರಿಸಿದೆ. ತಿರುಪುಗಳನ್ನು ಮತ್ತೆ ಬಿಗಿದೆ. ಡ್ರೈವರ್ ದೀಪ ಹಚ್ಚಿದ. ಬೆಳಕು ನೇರವಾಗಿ ಮಾವನ ಮುಖಕ್ಕೆ ಹೊಡೆಯಿತು.

“ಆರಿಸಮ್ಮಾ, ಕಣ್ಣು ಹೋಗತೈತೆ!”

“ಮೊದಲು ಹೆಂಗೈತೆ ಹೇಳ್ರಿ, ಮಾವಾರೆ.”

ಅವರು ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ಯಜಮಾನರು ಔಷಧದ ಪೆಟ್ಟಿಗೆ ಹಿಡಿದು ಬಂದು ಮೋಟಾರು ಹತ್ತುವವರೆಗೂ ನಾನು ಆರಿಸಗೊಡಲಿಲ್ಲ.