ಬರಿಹೊಟ್ಟೆಯಲ್ಲಿ ಬರುವ ಗುರುದೇವಿ

ಬಸವೇಶ್ವರನಗರದ ಈ ಅಡ್ಡರಸ್ತೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ಬೂತಿನ ಮುಂದೆ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೀದಿಯೆಲ್ಲ ಗಪ್‌ಚಿಪ್. ಹಳೆಯ ಸ್ಕೂಟಿಯೊಂದು ಬಂದು ಗೇಟಿನ ಪಕ್ಕ ನಿಲ್ಲುತ್ತದೆ. ಚೂಡಿದಾರದ ಮೇಲೆ ಸ್ವೆಟರು, ಕಿವಿ ಮುಚ್ಚುವಂತೆ ಸ್ಕಾರ್ಫು, ಹೆಗಲಿಗೊಂದು ಚೀಲ, ಕೈಯಲ್ಲಿ ಐಸ್ ತುಂಬಿದ ನೀಲಿ ಡಬ್ಬಿ. ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು ಇವರು ಬೆಲ್ ಒತ್ತುವುದಿಲ್ಲ, ಬೆರಳಿನಿಂದ ಮೆಲ್ಲಗೆ ಬಾಗಿಲು ತಟ್ಟುತ್ತಾರೆ. ಒಳಗಿದ್ದವರು ಆ ಸದ್ದಿಗೇ ಕಾದು ಕೂತಿದ್ದವರಂತೆ ತಕ್ಷಣ ಬಾಗಿಲು ತೆರೆಯುತ್ತಾರೆ.

ಗುರುದೇವಿ ಮನೆಮನೆಗೆ ಹೋಗಿ, ಪರೀಕ್ಷೆಗೆ ಬೇಕಾದ ರಕ್ತ ತೆಗೆದು ತರುವವರು. ವಿಜಯನಗರದ ಸಣ್ಣದೊಂದು ಲ್ಯಾಬಿನಲ್ಲಿ ಕೆಲಸ. ಸಕ್ಕರೆಯೋ ಕೊಲೆಸ್ಟ್ರಾಲೋ ನೋಡಬೇಕಾದರೆ ರಾತ್ರಿಯಿಡೀ ಏನೂ ತಿನ್ನದೆ ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕು ಎಂಬುದು ಡಾಕ್ಟರುಗಳ ಕಟ್ಟಪ್ಪಣೆ. ಹಾಗಾಗಿ ಊರು ಕಾಫಿ ಕಾಣುವ ಮೊದಲೇ ಗುರುದೇವಿ ಊರಿನ ಬಾಗಿಲಲ್ಲಿ ಇರಬೇಕು.

ಇವತ್ತು ಮನೆಗಳು ಕಡಿಮೆ, ಕತ್ತಲಿರುವಾಗಲೇ ಕೊನೆಯದಕ್ಕೆ ಬಂದಾಗಿದೆ. ಅದು ಪದ್ಮನಾಭ ಅವರದು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಬೆತ್ತದ ಕುರ್ಚಿಯಲ್ಲಿ, ಅಂಗಿಯ ತೋಳು ಮಡಚಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದಾರೆ. ಗುರುದೇವಿ ಮೊದಲು ತಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಆಮೇಲೆ ಅವರ ಕೈ ಹಿಡಿದು ಮಾತಿಗಿಳಿಯುತ್ತಾರೆ.

"ರಾತ್ರಿ ಏನ್ ಊಟ ಮಾಡೀರಿ ಸಾರ್?"

"ಎರಡು ಚಪಾತಿ, ಹೆಸರುಕಾಳು ಪಲ್ಯ. ಆಮೇಲೆ ನೀರು ಬಿಟ್ರೆ ಏನೂ ಇಲ್ಲಮ್ಮ."

"ಕಾಫಿ?"

ಪದ್ಮನಾಭ ಬಾಯಿ ತೆರೆಯುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸತ್ಯವತಿ, "ಸ್ಟವ್ ಹಚ್ಚೇ ಇಲ್ಲ ಕಣಮ್ಮ, ಬೇಕಾದ್ರೆ ಮುಟ್ಟಿ ನೋಡು," ಎನ್ನುತ್ತಾರೆ. ಇವತ್ತಿನ ಈ ರಕ್ತದ ಮೇಲೆ ಆ ಮನೆಯ ನೆಮ್ಮದಿಯೇ ನಿಂತಿದೆ. ಅದೇಕೆ ಎಂಬುದಕ್ಕೆ ಮುಂದೆ ಬರೋಣ.

ವಯಸ್ಸಾದವರ ನರ ಹಿಡಿಯುವುದು ಸುಲಭದ ಮಾತಲ್ಲ. ಕಂಡಂತೆ ಕಾಣುತ್ತದೆ, ಸೂಜಿ ಹತ್ತಿರ ಬಂದರೆ ಜಾರಿಕೊಳ್ಳುತ್ತದೆ. ಗುರುದೇವಿ ತೋರುಬೆರಳನ್ನು ಮೊಣಕೈಯ ಒಳಮಗ್ಗುಲಲ್ಲಿ ಇಟ್ಟು, ಕಣ್ಣನ್ನು ಬೇರೆಲ್ಲೋ ನೆಟ್ಟು, ಒಂದು ಗಳಿಗೆ ಹಾಗೇ ಇರುತ್ತಾರೆ. ಆಮೇಲೆ ಏನಾಯಿತೆಂದು ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಪದ್ಮನಾಭ "ಚುಚ್ಚಮ್ಮ, ಪರವಾಗಿಲ್ಲ" ಎನ್ನುವಷ್ಟರಲ್ಲಿ ಹತ್ತಿ ಒತ್ತಿಯಾಗಿರುತ್ತದೆ. ಎಷ್ಟು ಸಲ ನೋಡಿದರೂ ಇದು ಬೆರಗೇ.

ಗುರುದೇವಿಯ ಊರು ಗದಗದ ಹತ್ತಿರ. ಮದುವೆಯಾಗಿ ಬಂದದ್ದು ಲಗ್ಗೆರೆಗೆ. ಗಂಡ ಬಾಳೇಶ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನು ನಡೆಸುತ್ತಾರೆ. ಮನೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ ಗುರುದೇವಿಗೆ ಸೂಜಿ ಹಿಡಿಯಲು ಕಲಿಸಿದವರು ಅಲ್ಲಿನ ಹಿರಿಯ ಲ್ಯಾಬ್ ಟೆಕ್ನಿಷಿಯನ್ ಏಕಾಂತಯ್ಯ. ಅವರೇ ಪಟ್ಟುಹಿಡಿದು ಲ್ಯಾಬ್ ಕೋರ್ಸಿಗೂ ಸೇರಿಸಿದರು. ಮೊದಲ ಪ್ರಯೋಗಕ್ಕೆ ತಮ್ಮ ತೋಳನ್ನೇ ಚಾಚಿದ್ದರಂತೆ.

"ಮೂರು ಸಲ ತಪ್ಪಿ ಚುಚ್ಚಿದೆನ್ರಿ. ತೋಳು ನೀಲಿಗಟ್ಟಿತ್ತು. ನಾ ಅಳಾಕ ಹತ್ತಿದ್ರ ಅವರು ನಕ್ಕೋತ, 'ಇನ್ನೊಂದ್ ತೋಳು ಐತಲ್ಲ ಮಗಳೇ' ಅಂದ್ರು," ಎಂದು ನೆನೆಯುವಾಗ ಗುರುದೇವಿಯ ಕಣ್ಣು ಒದ್ದೆಯಾಗುತ್ತದೆ. ಏಕಾಂತಯ್ಯ ಈಗ ಇಲ್ಲ. ಸೂಜಿಗೆ ಮೊದಲು ಕೈ ಹಿಡಿದು ಮಾತಾಡಿಸುವ ಪಾಠ ಅವರದೇ.

ಆದರೆ ಇನ್ನೊಂದು ವ್ರತವನ್ನು ಗುರುದೇವಿಗೆ ಯಾರೂ ಕಲಿಸಿದ್ದಲ್ಲ. ಕೊನೆಯ ಮನೆಯ ರಕ್ತ ಐಸ್ ಡಬ್ಬಿಗೆ ಬೀಳುವವರೆಗೆ ಅವರು ಒಂದು ತೊಟ್ಟು ಚಹಾ, ಒಂದು ಚೂರು ಬಿಸ್ಕತ್ತು ಬಾಯಿಗಿಡುವುದಿಲ್ಲ. ಲಗ್ಗೆರೆಯಿಂದ ಹೊರಟು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಸುತ್ತುವಷ್ಟರಲ್ಲಿ ಎಷ್ಟೋ ದಿನ ಬಿಸಿಲು ಏರಿರುತ್ತದೆ. ಚಳಿಗಾಲದಲ್ಲಿ ಹಸಿವು ತಡೆಯದಾದರೆ ಬಿಸಿನೀರು ಕೇಳಿ ಕುಡಿಯುತ್ತಾರೆ, ಅಷ್ಟೇ. ಇಷ್ಟು ವರ್ಷಗಳಲ್ಲಿ ಯಾವ ಮನೆಯಲ್ಲೂ ಬೇರೇನನ್ನೂ ಬಾಯಿಬಿಟ್ಟು ಕೇಳಿದವರಲ್ಲ.

"ಅವರು ಹಸದು ಕುಂತಿರ್ತಾರ್ರಿ. ನನ್ನ ಬಾಯಾಗ ಕಾಫಿ ವಾಸನಿ ಬಂದ್ರ ಅವರ ಜೀವಕ್ಕ ಹೆಂಗಾಗಬ್ಯಾಡ? ಅವರ ಸಂಗಟ ನಾನೂ ಉಪಾಸ ಇದ್ರ ಮಾತಾಡಾಕ ಧೈರ್ಯ ಬರ್ತೈತಿ," ಎನ್ನುತ್ತಾರೆ. ಕೇಳಿದವರಿಗೆ ಎದೆ ತುಂಬಿ ಬರುತ್ತದೆ. ಹೇಳುವವರಿಗೆ ಅದು ಹೇಳುವಂಥ ಸಂಗತಿಯೇ ಅಲ್ಲ.

ಕೊಲೆಸ್ಟ್ರಾಲ್ ಪರೀಕ್ಷೆಯೆಂದರೆ ನಮ್ಮ ಜನಕ್ಕೆ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ವರ್ಷವಿಡೀ ಬೋಂಡಾ, ಚಿರೋಟಿ, ತುಪ್ಪದ ಹೋಳಿಗೆ. ಕೊನೆಯ ಮೂರು ದಿನ ರಾಗಿಗಂಜಿ, ಸೌತೆಕಾಯಿ, ಭಯಭಕ್ತಿ. ರಾಜಾಜಿನಗರದ ಒಬ್ಬ ಮಹಾಶಯರು ರಕ್ತ ಕೊಟ್ಟು, ಹತ್ತಿಯನ್ನು ತೋಳಿನಲ್ಲಿ ಒತ್ತಿಹಿಡಿದುಕೊಂಡೇ ಬೆಣ್ಣೆ ಮಸಾಲೆ ಸಾಲಿಗೆ ಹೋಗಿ ನಿಂತದ್ದನ್ನು ಗುರುದೇವಿ ಕಂಡಿದ್ದಾರೆ. ಹಿಂದಿನ ರಾತ್ರಿ ಗೃಹಪ್ರವೇಶದ ಊಟ ಬಾರಿಸಿ ಬಂದವರಿಗೆ ಮಾತ್ರ ಅವರು ಸೂಜಿ ತೆಗೆಯುವುದೇ ಇಲ್ಲ. "ನಾಳೆ ಬರ್ತೀನ್ರಿ, ಇವತ್ತಿಂದು ನಿಮ್ಮ ರಕ್ತ ಅಲ್ಲ, ಅಡಿಗಿಭಟ್ಟರದು," ಎಂದು ನಗಿಸಿ ಹೊರಟುಬಿಡುತ್ತಾರೆ. ಬಂದ ದಾರಿಯ ಪೆಟ್ರೋಲು ದಂಡ.

ಪದ್ಮನಾಭ ಅವರದು ಇದಕ್ಕೆ ತದ್ವಿರುದ್ಧ. ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ಡಾಕ್ಟರು ಮಾತ್ರೆ ಕೊಟ್ಟ ದಿನದಿಂದ ಸತ್ಯವತಿ ಟೊಂಕ ಕಟ್ಟಿ ನಿಂತರು. ತುಪ್ಪ ಹೋಯಿತು, ಕಾಯಿತುರಿ ಹೋಯಿತು, ಒಗ್ಗರಣೆಗೆ ಎಣ್ಣೆ ಹನಿ ಲೆಕ್ಕ. ಕೆನೆಹಾಲಿನ ಕಾಫಿಯೂ ಹೋಯಿತು. ಆದರೂ ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿಯಲಿಲ್ಲ, ತುಸು ಏರಿಯೇ ಇತ್ತು. ಅದರ ಮುಂದಿನದರಲ್ಲೂ ಅದೇ ಕತೆ. ಮಾತ್ರೆ ಶುರುವಾದಾಗಿನಿಂದ ಅವರಿಗೆ ತೊಡೆ, ಮೀನಖಂಡ ಎಲ್ಲ ನೋವು. ಸಂಜೆಯ ವಾಕಿಂಗ್ ನಿಂತಿತ್ತು. "ಇನ್ನೊಂದು ಸಲ ನೋಡೋಣ, ಇಳೀಲಿಲ್ಲ ಅಂದ್ರೆ ಮಾತ್ರೆ ಡಬಲ್ ಮಾಡ್ಬೇಕಾಗುತ್ತೆ," ಎಂದರು ಡಾಕ್ಟರು.

ಮನೆಯಲ್ಲಿ ಗುಮಾನಿ ಹೊಕ್ಕಿತು. "ಇವ್ರು ಕದ್ದು ಹೋಟ್ಲಲ್ಲಿ ವಡೆ ತಿಂತಾರೆ ಕಣಮ್ಮ," ಎಂದು ಸತ್ಯವತಿ ಗುರುದೇವಿಯ ಕಿವಿಯಲ್ಲಿ. "ಎಣ್ಣೇಲಿ ಏನೋ ಮಾಡ್ತಾಳೆ, ನನಗೆ ಹೇಳಲ್ಲ," ಎಂದು ಪದ್ಮನಾಭ ಗೇಟಿನ ಬಳಿ. ಮೂವತ್ತೈದು ವರ್ಷ ಒಂದೇ ಪೇಪರನ್ನು ಹಂಚಿಕೊಂಡು ಓದಿದವರು ಮುಖ ಕೊಟ್ಟು ಮಾತಾಡುವುದು ಬಿಟ್ಟರು. ಗುರುದೇವಿಯೂ ವಡೆಯ ಕಡೆಗೇ ವಾಲಿದ್ದರು. ದರ್ಶಿನಿ ಹೋಟೆಲಿನ ಮುಂದೆ ಪದ್ಮನಾಭ ನಿಂತಿದ್ದನ್ನು ಒಮ್ಮೆ ಕಂಡಿದ್ದರಲ್ಲ. "ಪೇಪರ್ ಓದಾಕ ನಿಂತಿದ್ರಂತ, ಪಾಪ. ನಾನೂ ಅನುಮಾನ ಪಟ್ಟೆ. ತಪ್ಪಾತ್ರಿ," ಎಂದು ಈಗ ಕೆನ್ನೆ ಬಡಿದುಕೊಳ್ಳುತ್ತಾರೆ.

ಗಂಟು ಬಿಚ್ಚಿದ್ದು ಒಂದು ಲೋಟ ಕಾಫಿಯಿಂದ. ಹಿಂದಿನ ಸಲ ರಕ್ತ ತೆಗೆದಾದ ಮೇಲೆ, ಅದೂ ಕೊನೆಯ ಮನೆಯಾದ್ದರಿಂದ, ಸತ್ಯವತಿ ಒತ್ತಾಯ ಮಾಡಿ ಯಜಮಾನರ ಕಾಫಿಯಲ್ಲೇ ಅರ್ಧ ಲೋಟ ಕೊಟ್ಟರು. ಹಾಲಿಲ್ಲದ ಕಪ್ಪು ಕಾಫಿ. ಗಂಡನ ನಾಲಿಗೆಯಿಂದ ಎಲ್ಲವನ್ನೂ ಕಿತ್ತುಕೊಂಡ ಮೇಲೆ ಆ ತಾಯಿಗೆ ಕರುಳು ಚುರುಕ್ ಎಂದಿತ್ತು. ಫಿಲ್ಟರಿನಲ್ಲಿ ಉಳಿದ ಚರಟಕ್ಕೆ ಎರಡು ಚಮಚ ಹೊಸ ಪುಡಿ ಸೇರಿಸಿ, ಪಾತ್ರೆಯಲ್ಲಿ ಕುದಿಸಿ ಕುದಿಸಿ, ಸ್ಟೀಲ್ ಜರಡಿಯಲ್ಲಿ ಸೋಸಿ ಕೇಳಿದಾಗಲೆಲ್ಲ ಕೊಡುತ್ತಿದ್ದರು. ಹಾಲಿಲ್ಲ, ಎಣ್ಣೆಯಿಲ್ಲ, ಬರೀ ಬಣ್ಣದ ನೀರು, ಇದರಿಂದೇನು ಕೇಡು ಎಂಬ ಲೆಕ್ಕಾಚಾರ. ದಿನಕ್ಕೆ ಏಳೆಂಟು ಲೋಟ ಸರಾಗವಾಗಿ ಇಳಿಯುತ್ತಿತ್ತು.

ಗುರುದೇವಿಗೆ ಆ ಕಾಫಿ ಬಲು ರುಚಿಸಿತು. ಲ್ಯಾಬಿಗೆ ಹೋಗಿ, ಕಾಫಿಯೆಂದರೆ ಪ್ರಾಣ ಬಿಡುವ ಅಲ್ಲಿನ ಡಾಕ್ಟರಮ್ಮನಿಗೆ ಅದರ ವರ್ಣನೆ ಮಾಡಿದರು. ಎಷ್ಟು ಗಟ್ಟಿ, ಎಂಥ ಘಮ, ಮೇಲೆ ಎಣ್ಣೆಯ ಹಾಗೆ ಹೊಳೆಯುವ ಪದರ. ಡಾಕ್ಟರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ನೆಟ್ಟಗೆ ಕೂತರು. "ಕುದಿಸ್ತಾರಾ? ಬಟ್ಟೇಲಿ ಸೋಸಲ್ವಾ? ದಿನಕ್ಕೆಷ್ಟು ಲೋಟ?" ಎಂದು ಕೇಳಿ, ಪದ್ಮನಾಭ ಅವರ ಡಾಕ್ಟರಿಗೆ ಆಗಲೇ ಫೋನು ಹಚ್ಚಿದರು.

ಕಾಫಿ ಬೀಜದಲ್ಲೂ ಒಂದು ಬಗೆಯ ಜಿಡ್ಡಿದೆ, ಪುಡಿಯನ್ನು ಕುದಿಸಿದರೆ ಅದು ನೀರಿಗೆ ಇಳಿಯುತ್ತದೆ, ದಿನವೂ ಬಹಳ ಕುಡಿದರೆ ಕೊಲೆಸ್ಟ್ರಾಲ್ ಏರಿಸಬಲ್ಲದು, ಲೋಹದ ಜರಡಿ ಅದನ್ನು ತಡೆಯದು, ಕಾಗದದ ಫಿಲ್ಟರ್ ಬಹುಪಾಲು ಹಿಡಿದಿಡುತ್ತದೆ ಎಂದು ಡಾಕ್ಟರು ದಂಪತಿಯನ್ನು ಕೂರಿಸಿ ವಿವರಿಸಿದರು. "ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಕುದಿಸೋದು ನಿಲ್ಲಿಸಿ ನೋಡೋಣ. ಕಾಗದದಲ್ಲಿ ಸೋಸಿ, ದಿನಕ್ಕೆ ಎರಡೇ ಲೋಟ," ಎಂದರು. ಊಟದ ಪಥ್ಯ ಮತ್ತು ಮಾತ್ರೆ ಹಾಗೇ ಮುಂದುವರಿದವು. ಸತ್ಯವತಿ ಮಾತ್ರ ಮನೆಗೆ ಬಂದವರೇ ಪಾತ್ರೆಯನ್ನು ಅಟ್ಟಕ್ಕೆ ಎಸೆದು ಅತ್ತರು. "ಪ್ರೀತಿಯಿಂದ ಕೊಟ್ಟೆ ಕಣಮ್ಮ. ನಾನೇ ಕೈಯಾರೆ ಕಾಯಿಲೆ ಕುದಿಸಿ ಕೊಟ್ಟೆ," ಎಂದು ಗುರುದೇವಿಯ ಮುಂದೆ ಇವತ್ತೂ ಕಣ್ಣೊರೆಸಿಕೊಳ್ಳುತ್ತಾರೆ. ಅದಕ್ಕೇ ಈ ಬೆಳಗಿನ ರಕ್ತಕ್ಕೆ ಇಷ್ಟು ಭಾರ. ಇಳಿಯದಿದ್ದರೆ ಮಾತ್ರೆ ಇಮ್ಮಡಿ, ನೋವೂ ಇಮ್ಮಡಿ.

"ಅತ್ತು ಏನ್ ಮಾಡ್ತೀರಿ ಆಂಟಿ? ನಾಳೆ ಸಂಜಿ ರಿಪೋರ್ಟ್ ನಾನ ತಂದು ಕೊಡ್ತೀನಿ," ಎಂದು ಸಮಾಧಾನ ಹೇಳಿ ಗುರುದೇವಿ ಸ್ಕೂಟಿ ಹತ್ತುತ್ತಾರೆ. ಇವತ್ತು ಆ ಮನೆಯಲ್ಲಿ ಯಾರಿಗೂ ಕಾಫಿಯ ನೆನಪೇ ಬರುವುದಿಲ್ಲ.

ಮರುದಿನ ಸಂಜೆ. ಗುರುದೇವಿಯ ಕೈಯಲ್ಲಿ ಅಂಟಿಸಿದ ಲಕೋಟೆ. ರಿಪೋರ್ಟಿನ ಅಂಕಿಯನ್ನು ರೋಗಿಗೆ ಡಾಕ್ಟರೇ ಹೇಳಬೇಕು, ತಂದವರು ತುಟಿ ಬಿಚ್ಚಬಾರದು ಎಂಬುದು ಲ್ಯಾಬಿನ ಕಟ್ಟುನಿಟ್ಟು. ಲ್ಯಾಬಿನಲ್ಲಿ ಮುದ್ರಣವಾಗಿ ಬರುವಾಗ ಗುರುದೇವಿ ಅದನ್ನು ಕಂಡಿದ್ದಾರೆ. ಡಾಕ್ಟರು ಸಿಗುವುದು ಸೋಮವಾರ. ಅಲ್ಲಿಯವರೆಗೆ ಇವರ ಗತಿ?

ಸತ್ಯವತಿ ಲಕೋಟೆಯನ್ನು ತೆಗೆದುಕೊಳ್ಳುತ್ತಾರೆ, ತೆರೆಯಲು ಕೈ ಬರುವುದಿಲ್ಲ. ಗುರುದೇವಿಯ ಮುಖವನ್ನೇ ನೋಡುತ್ತಾರೆ. ಪದ್ಮನಾಭ ಕುರ್ಚಿಯ ತೋಳು ಹಿಡಿದು ಅರ್ಧ ಎದ್ದಿದ್ದಾರೆ. "ಏನಮ್ಮ? ಡಬಲ್ಲಾ?" ಎನ್ನುತ್ತಾರೆ.

ಗುರುದೇವಿ ಸ್ಕಾರ್ಫ್ ಬಿಚ್ಚಿ, ಯಾವತ್ತೂ ಇಲ್ಲದ ಹಾಗೆ ಸೋಫಾದ ಮೇಲೆ ಆರಾಮಾಗಿ ಕಾಲುನೀಡಿ ಕೂರುತ್ತಾರೆ.

"ಆಂಟಿ, ನನಗ ಒಂದ್ ಲೋಟ ಕಾಫಿ ಕೊಡ್ರಿ. ಕಾಗದದಾಗ ಸೋಸಿದ್ದು."

ಯಾವ ಮನೆಯಲ್ಲೂ ಕಾಫಿ ಕೇಳದ ಹೆಣ್ಣು ಕೇಳಿದ್ದಾಳೆ, ಅದೂ ನಗುನಗುತ್ತಾ. ಸತ್ಯವತಿಯ ಸೆರಗು ಬಾಯಿಗೆ ಹೋಗುತ್ತದೆ, ಅಳುತ್ತಲೇ ಅಡುಗೆಮನೆಗೆ ಓಡುತ್ತಾರೆ. ಅವರ ಹಿಂದೆಯೇ, ತೊಡೆ ನೋವನ್ನೂ ಮರೆತು, ಪದ್ಮನಾಭ. "ಸತ್ಯಾ, ನಿಧಾನ ಕಣೇ, ಡಿಕಾಕ್ಷನ್ ಚೆಲ್ಲೀಯಾ," ಎನ್ನುವ ದನಿ ಹೊರಗೆ ಕೇಳುತ್ತದೆ. ಆ ಮನೆಯಲ್ಲಿ ತಿಂಗಳುಗಳ ಮೇಲೆ ಗಂಡಹೆಂಡತಿ ಒಟ್ಟಿಗೆ ನಗುತ್ತಾರೆ. ಸೋಮವಾರ ಡಾಕ್ಟರು ಮಾತ್ರೆ ಹೆಚ್ಚಿಸಲಿಲ್ಲ ಎಂಬ ಸುದ್ದಿ ಆಮೇಲೆ ತಾನಾಗಿ ಬಂತು.

ಲ್ಯಾಬಿನ ನಿಯಮ ಮುರಿದಿರಲ್ಲ ಎಂದು ಯಾರಾದರೂ ರೇಗಿಸಿದರೆ ಗುರುದೇವಿ ಐಸ್ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಾ, ತಲೆ ಎತ್ತದೆ ಹೇಳುತ್ತಾರೆ:

"ನಾ ಏನೂ ಹೇಳಿಲ್ರಿ. ಹಸಿವಾಗಿತ್ತು, ಕಾಫಿ ಕೇಳಿದೆ."