ಸಿಂಕಿನ ಕೆಸರು, ಆಯಿಯ ಬಿಳಿ ಬಟ್ಟೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಅಥಣಿಯಲ್ಲಿ ಮಹಡಿಯ ಮೇಲೊಂದು ಖೋಲಿ ಬಾಡಿಗೆಗೆ ಹಿಡಿದು ಮಡಕೆ ಮಾಡುವುದನ್ನು ಕಲಿಸಲು ಶುರು ಮಾಡಿದ ಮೊದಲ ವರ್ಷ ಆ ಸಿಟ್ಟೆಲ್ಲ ಒಂದು ಸಿಂಕಿನ ಮೇಲೆ ಹೋಯಿತು.

ಕಲಿಯಲು ಬರುವ ಹತ್ತು ಜನ ಹೆಣ್ಣುಮಕ್ಕಳು ತಿರುಗುವ ತಿಗರಿ ಬಿಟ್ಟೆದ್ದು ಕೈ ತೊಳೆದರೆ ಸಾಕು, ಜೇಡಿಮಣ್ಣೆಲ್ಲ ಪೈಪಿನೊಳಗೆ ಹೋಗಿ ಕೂರುತ್ತಿತ್ತು. ಆ ಪೈಪು ಕೆಳಗೆ ಮನೆಯೊಡತಿಯ ಮೋರಿಗೆ ಸೇರಿತ್ತು. ಅವರು ಎಂಬತ್ತರ ಹತ್ತಿರದ ಜೈನ ಅಜ್ಜಿ, ಓಣಿಗೆಲ್ಲ ಆಯಿ. ಮೂರನೆಯ ಸಲ ಪೈಪು ಕಟ್ಟಿ, ಕೆಸರು ನೀರು ಉಕ್ಕಿ ಅವರು ತೊಳೆದಿಟ್ಟ ಪಾತ್ರೆಗಳ ಮೇಲೆ ಹರಿದಾಗ ಆಯಿ ಮೆಟ್ಟಿಲು ಹತ್ತಿ ಬಂದರು.

“ನಮ್ಮ ದಶಲಕ್ಷಣ ಪರ್ವ ಬರಾಕತ್ತೈತಿ ತಂಗಿ, ಹತ್ತ ದಿನದ ವ್ರತ. ಅಷ್ಟರಾಗ ಇದು ನೆಟ್ಟಗಾಗ್ಬೇಕು. ಇಲ್ಲಾಂದ್ರ ಖೋಲಿ ಖಾಲಿ ಮಾಡು.”

ಧ್ವನಿ ಏರಿಸಲಿಲ್ಲ. ಅದಕ್ಕೇ ಹೆದರಿದೆ. ಮಣ್ಣಿನ ಕೆಲಸಕ್ಕೆ ಬೇರೆ ಯಾರೂ ಜಾಗ ಕೊಡುವ ಹಾಗಿರಲಿಲ್ಲ. ಐದಾರು ಮನೆಗಳ ಬಾಗಿಲು ತಟ್ಟಿ ಬಂದವಳಿಗೆ ಅದು ಗೊತ್ತಿತ್ತು. ನಲವತ್ತೈದರ ವಯಸ್ಸಿನಲ್ಲಿ ಮೊದಲ ಬಾರಿ ನನ್ನದು ಎನ್ನುವಂಥದ್ದೊಂದು ಸಿಕ್ಕಿತ್ತು. ಬಿಡಲು ಮನಸ್ಸಿರಲಿಲ್ಲ.

ಆಯಿ ಬಿಳಿ ಬಟ್ಟೆಯಲ್ಲಿ ಸೋಸದ ನೀರನ್ನು ಬಾಯಿಗೆ ಮುಟ್ಟಿಸುವವರಲ್ಲ. ಅವರ ನಲ್ಲಿಗೆ ಕಟ್ಟಿದ್ದ ಬಟ್ಟೆ ನೋಡಿ ನನ್ನ ತಲೆ ಓಡಿತು. ಸಿಂಕಿನ ತೂತಿಗೂ ಅಂಥದ್ದೇ ಒಂದನ್ನು ಬಿಗಿದೆ. ಅರ್ಧ ಗಂಟೆಯಲ್ಲಿ ಮಣ್ಣು ಬಟ್ಟೆಗೆ ಮೆತ್ತಿಕೊಂಡು ಒಂದು ಹನಿಯೂ ಇಳಿಯದಾಯಿತು. ಸಿಂಕು ತುಂಬಿ, ನೀರು ಮೆಟ್ಟಿಲಿಳಿದು, ಆಯಿ ತೊಳೆದು ಒಣಗಲು ಹರವಿದ್ದ ಗೋಧಿಯನ್ನು ಮುಟ್ಟಿತು.

ಬೈಯುತ್ತಾರೆಂದು ಕಾದೆ. ಆಯಿ ನಕ್ಕುಬಿಟ್ಟರು.

“ಬಟ್ಟಿ ಕಸ ಹಿಡಿತೈತಿ, ಇಷ್ಟ ಮಣ್ಣಿಗೆ ಆಗೂದಿಲ್ಲ. ನನ್ನ ತವರಮನಿ ಕುಡಚಿ. ಹೊಳಿಗೆ ಹೊಸ ನೀರ ಬಂದಾಗ ಮೊದಲ ಹಂಡೇದಾಗ ತುಂಬಿ ಸುಮ್ನ ಬಿಡತಿದ್ವಿ. ತಿಳಿ ಆದ ಮ್ಯಾಲ ಮ್ಯಾಲಿನ ನೀರಷ್ಟ ಸೋಸತಿದ್ವಿ. ನಡುವ ಯಾರೂ ಕೈ ಹಾಕಂಗಿಲ್ಲ.”

ಸುಮ್ಮನೆ ಬಿಡುವುದು! ನನ್ನಿಂದ ಆಗದ ಕೆಲಸವೆಂದರೆ ಅದೊಂದೇ. ಆದರೂ ಸಿಂಕಿನ ಮುಂದೆ ಮೂರು ಬಕೆಟ್ ಇಟ್ಟೆ. ಕೈ, ಸಾಮಾನು ಎಲ್ಲ ಮೊದಲನೆಯದರಲ್ಲಿ, ಆಮೇಲೆ ಉಳಿದೆರಡರಲ್ಲಿ, ಸಿಂಕು ಕೊನೆಗೆ. ಸಿಂಕಿನ ಕೆಳಗೊಂದು ದೊಡ್ಡ ಡಬ್ಬಿ. ಮಣ್ಣು ಅದರ ತಳದಲ್ಲಿ ಕೂತು, ಮೇಲಿನ ತಿಳಿನೀರು ಮಾತ್ರ ಪೈಪಿಗೆ ಹೋಗಬೇಕು. ಮೊದಲ ದಿನವೇ ತಡೆಯಲಾರದೆ, ಎಷ್ಟು ಕೂತಿದೆಯೆಂದು ಬಕೆಟ್ಟಿಗೆ ಕೈ ಹಾಕಿ ಎಲ್ಲ ಕದಡಿಬಿಟ್ಟೆ. ಎರಡನೆಯ ದಿನವೂ ಅದೇ ಹಾಡು. ಮೂರನೆಯ ದಿನ ಖೋಲಿಗೆ ಬೀಗ ಹಾಕಿ, ಕೀಲಿಯನ್ನು ಆಯಿಯ ಕೈಗೆ ಕೊಟ್ಟು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಬಕೆಟ್ಟಿನಲ್ಲಿ ತಳದ ಮಣ್ಣಿನವರೆಗೂ ಕಣ್ಣು ಹಾಯುತ್ತಿತ್ತು. ಅಂದಿನಿಂದ ದಿನವೂ ಕೀಲಿ ಆಯಿಯ ಸೊಂಟಕ್ಕೇ.

ಪರ್ವದ ಹಿಂದಿನ ದಿನ ಆಯಿ ಪರೀಕ್ಷೆಗೆ ನಿಂತರು. ಮೋರಿಗೆ ಬೀಳುವ ಪೈಪಿನ ಬಾಯಿಗೆ ಹಳೆಯದೊಂದು ಬಿಳಿ ಬಟ್ಟೆ ಕಟ್ಟಿ ಕೂತರು. ಮೇಲೆ ಹತ್ತೂ ಜನ ಕೈ ತೊಳೆದರು. ಸ್ವಲ್ಪ ಹೊತ್ತಿಗೆ ಆಯಿ ಬಟ್ಟೆ ಹಿಂಡುತ್ತ ಮೆಟ್ಟಿಲು ಹತ್ತಿ ಬಂದು, ಕಿಟಕಿಯ ಬೆಳಕಿಗೆ ಬಿಡಿಸಿ ಹಿಡಿದರು. ಕಟ್ಟುವಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು.

ಹೆಣ್ಣುಮಕ್ಕಳು ಕೇಕೆ ಹಾಕಿದರು. ನಾನು “ಗೆದ್ದೆ, ಗೆದ್ದೆ!” ಎಂದು ಕೂಗಿ ಆಯಿಯನ್ನು ತಬ್ಬಿಕೊಂಡೆ. ಅಷ್ಟು ಸಂತೋಷ ನನಗೆ ಯಾವ ಮಡಕೆ ಚೆನ್ನಾಗಿ ಬಂದಾಗಲೂ ಆಗಿರಲಿಲ್ಲ.

“ಬಿಡಬೇ, ಸೀರಿ ಮಣ್ಣಾಗತೈತಿ,” ಎಂದು ಕೊಸರಿಕೊಂಡ ಆಯಿ ಸೊಂಟದಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. “ಖೋಲಿ ನಿಂದ. ಆದ್ರ ಸಂಜಿಗೆ ಕೀಲಿ ನನ್ನ ಕೈಯಾಗ ಕೊಟ್ಟ ಹೋಗು. ನಿನ್ನ ಕೈ ಮ್ಯಾಲ ನನಗ ಇನ್ನೂ ಭರೋಸಾ ಇಲ್ಲ.”

ಇವತ್ತಿಗೂ ಕೊಟ್ಟೇ ಹೋಗುತ್ತೇನೆ.